ಹೋದ ದಾರಿ, ಮರಳುವ ದಾರಿ: ಅಮೆರಿಕದ ಪ್ಯಾಲೆಸ್ಟೀನಿಯರು ಮತ್ತು ತೈವಾನಿಗರು

ಪ್ರಶ್ನೆ: ನನ್ನ ಮಗಳು ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿದ್ದಾಳೆ. ಕಳೆದ ವರ್ಷ ನಾಲ್ಕು ತಿಂಗಳು ಅವಳ ಮನೆಯಲ್ಲಿದ್ದಾಗ ಒಂದು ಸಂಗತಿ ಗಮನಕ್ಕೆ ಬಂತು. ಅವಳ ಕಚೇರಿಯ ಹಿರಿಯ ಎಂಜಿನಿಯರುಗಳಲ್ಲಿ ಹಲವರು ತೈವಾನಿನಿಂದ ಬಂದವರು. ನಾವು ಹಾಲು, ಬ್ರೆಡ್ಡು ತರುತ್ತಿದ್ದ ಮೂಲೆಯಂಗಡಿಯ ಯಜಮಾನರು ರಾಮಲ್ಲಾ ಕಡೆಯ ಪ್ಯಾಲೆಸ್ಟೀನಿಯರು. ಎರಡೂ ನಾಡುಗಳ ಸ್ಥಾನಮಾನವನ್ನು ಜಗತ್ತು ಇನ್ನೂ ಪೂರ್ತಿಯಾಗಿ ಒಪ್ಪಿಲ್ಲ; ಎರಡರ ಇತಿಹಾಸದಲ್ಲೂ 1940ರ ದಶಕದ ಕೊನೆಯ ಯುದ್ಧವಿದೆ. ಹಾಗಿದ್ದೂ ಒಬ್ಬರು ಕಂಪ್ಯೂಟರ್ ಚಿಪ್ ವಿನ್ಯಾಸಕರು, ಇನ್ನೊಬ್ಬರು ಅಂಗಡಿಯವರು. ಇದು ಸಂಸ್ಕೃತಿಯ ವ್ಯತ್ಯಾಸವೇ? ಓದಿಗೆ ಕೊಡುವ ಬೆಲೆಯ ವ್ಯತ್ಯಾಸವೇ? (ನಿವೃತ್ತ ಶಿಕ್ಷಕರು, ಶಿವಮೊಗ್ಗ)

ಉತ್ತರ: ತಾವು ಕಂಡದ್ದು ಸರಿಯಾಗಿಯೇ ಇದೆ, ಅದಕ್ಕೆ ತಾವು ಊಹಿಸಿದ ಕಾರಣವನ್ನು ಮಾತ್ರ ನಾನು ಒಪ್ಪಲಾರೆ. ಒಂದು ವಲಸಿಗ ಸಮುದಾಯ ಹೋದ ನಾಡಿನಲ್ಲಿ ಯಾವ ಮಟ್ಟಕ್ಕೆ ಏರುತ್ತದೆ ಎಂಬುದನ್ನು ತಿಳಿಯಬೇಕಾದರೆ ನಾನು ಮೂರು ಸಂಗತಿಗಳನ್ನು ಕೇಳುತ್ತೇನೆ: ಊರಿನಿಂದ ಹೊರಟವರು ಯಾರು, ಹೋದ ದೇಶ ಅವರನ್ನು ಯಾವ ಬಾಗಿಲಿನಿಂದ ಒಳಗೆ ಬಿಟ್ಟಿತು, ಮತ್ತು ಬೇಕೆನಿಸಿದಾಗ ಮರಳಿ ಹೋಗಲು ದಾರಿ ತೆರೆದಿತ್ತೇ. ಮೊದಲಿನ ಎರಡನ್ನು ಎಲ್ಲರೂ ಚರ್ಚಿಸುತ್ತಾರೆ. ಮೂರನೆಯದನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ. ಈ ಎರಡು ಸಮುದಾಯಗಳ ಮಟ್ಟಿಗೆ ಅದೇ ಹೆಚ್ಚು ಮುಖ್ಯವೆಂದು ನನಗನಿಸುತ್ತದೆ.

ಮೊದಲು ಲೆಕ್ಕದ ಮಾತು. ಅಮೆರಿಕದ ಜನಗಣತಿಯ ನಮೂನೆಯಲ್ಲಿ ‘ತೈವಾನಿಗ’ ಎಂಬ ಚೌಕವೇ ಇಲ್ಲ. ಚೀನೀಯರ ಚೌಕಕ್ಕೆ ಗುರುತು ಹಾಕದೆ ‘ಇತರ ಏಷ್ಯನ್’ ಎಂಬಲ್ಲಿ ಕೈಯಾರೆ ಬರೆದವರಷ್ಟೇ ತೈವಾನಿಗರೆಂದು ಎಣಿಕೆಯಾಗುತ್ತಾರೆ. ಹಾಗೆ ಬರೆದವರು 2000ರಲ್ಲಿ 1,44,795 ಮಂದಿ, 2010ರಲ್ಲಿ 2,30,382 ಮಂದಿ. ಈ ಏರಿಕೆಯಲ್ಲಿ ಹೊಸದಾಗಿ ಬಂದವರಷ್ಟೇ ಅಲ್ಲದೆ, ‘ಹೀಗೆ ಬರೆಯಿರಿ’ ಎಂದು ಸಮುದಾಯದ ಸಂಘಗಳು ನಡೆಸಿದ ಪ್ರಚಾರದ ಫಲವೂ ಸೇರಿದೆ. ಪ್ಯಾಲೆಸ್ಟೀನಿಯರ ಪಾಡು ಇನ್ನೂ ವಿಚಿತ್ರ. ಸರ್ಕಾರಿ ವರ್ಗೀಕರಣದಲ್ಲಿ ಅವರು ಬಹುಕಾಲ ‘ಬಿಳಿಯರು’. 2000ದಲ್ಲಿ ವಂಶಮೂಲದ ಪ್ರಶ್ನೆಗೆ ಪ್ಯಾಲೆಸ್ಟೀನಿಯರೆಂದು ಉತ್ತರಿಸಿದವರು 72,112. ಬಿಳಿಯರ ಚೌಕದ ಕೆಳಗೆ ಮೂಲ ಬರೆಯಲು ಜಾಗ ಕೊಟ್ಟ 2020ರಲ್ಲಿ ಅದು 1,74,887ಕ್ಕೆ ಏರಿತು. ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾದವರಿಗೆ ಪ್ರತ್ಯೇಕ ವರ್ಗ ಇರಬೇಕೆಂದು ಒಕ್ಕೂಟ ಸರ್ಕಾರ ತೀರ್ಮಾನಿಸಿದ್ದು 2024ರ ಮಾರ್ಚ್‌ನಲ್ಲಿ. ತಮ್ಮ ಹೆಸರನ್ನು ತಾವೇ ಬರೆದುಕೊಂಡವರ ಮೇಲೆ ನಿಂತ ಸರಾಸರಿಗಳಿವು ಎಂಬುದು ಮನಸ್ಸಿನಲ್ಲಿರಲಿ.

ಅಷ್ಟರ ನಡುವೆಯೂ ಅಂತರ ಸ್ಪಷ್ಟವಾಗಿದೆ. ತೈವಾನಿಗರೆಂದು ಬರೆದುಕೊಂಡ ವಯಸ್ಕರಲ್ಲಿ ಹತ್ತರಲ್ಲಿ ಏಳಕ್ಕಿಂತ ಹೆಚ್ಚು ಮಂದಿ ಪದವೀಧರರು. ಅರಬ್ ಮೂಲದವರನ್ನು ಒಟ್ಟಾಗಿ ತೆಗೆದುಕೊಂಡರೆ 2000ದ ಗಣತಿಯಲ್ಲಿ ಶೇ 41ರಷ್ಟು ಪದವೀಧರರಿದ್ದರು. ಇಡೀ ದೇಶದ ಪ್ರಮಾಣ ಆಗ ಶೇ 24. ಆದರೆ ಅದೇ ಗಣತಿಯಲ್ಲಿ ಅರಬ್ ಮೂಲದವರ ಬಡತನದ ಪ್ರಮಾಣ ಶೇ 17, ದೇಶದ್ದು ಶೇ 12. ಓದಿನಲ್ಲಿ ಸರಾಸರಿಗಿಂತ ಮೇಲಿದ್ದು ಬಡತನದಲ್ಲೂ ಸರಾಸರಿಗಿಂತ ಮೇಲಿರುವ ಗುಂಪಿನೊಳಗೆ ಎರಡು ಬಗೆಯ ಜನರಿರುತ್ತಾರೆ. ಪ್ಯಾಲೆಸ್ಟೀನಿಯರಲ್ಲೂ ವೈದ್ಯರು, ಪ್ರಾಧ್ಯಾಪಕರು, ಎಂಜಿನಿಯರುಗಳು ಒಂದು ಕಡೆ, ಅಂಗಡಿ ಮತ್ತು ಕೂಲಿಯ ಮೇಲೆ ನಿಂತ ದೊಡ್ಡ ಕುಟುಂಬಗಳು ಇನ್ನೊಂದು ಕಡೆ. ತಮ್ಮ ಪ್ರಶ್ನೆಯ ಎರಡನೆಯ ಭಾಗಕ್ಕೆ ಉತ್ತರ ಇಲ್ಲಿಯೇ ಅರ್ಧ ಸಿಕ್ಕಿತು: ಓದಿನ ಮೇಲಿನ ಆಸೆಗೆ ಅಲ್ಲಿ ಕೊರತೆಯಿಲ್ಲ. ನಿರಾಶ್ರಿತರ ಶಿಬಿರಗಳಲ್ಲಿ ವಿಶ್ವಸಂಸ್ಥೆಯ ಪರಿಹಾರ ಸಂಸ್ಥೆ 1950ರಿಂದ ನಡೆಸಿದ ಶಾಲೆಗಳಲ್ಲಿ ಕಲಿತವರೇ ಮುಂದೆ ಕೊಲ್ಲಿ ರಾಷ್ಟ್ರಗಳ ಶಾಲೆ, ಆಸ್ಪತ್ರೆ, ತೈಲ ಕಂಪನಿಗಳನ್ನು ನಡೆಸಿದವರು.

ಬಾಗಿಲಿನ ವಿಷಯಕ್ಕೆ ಬರೋಣ. ಇಬ್ಬರಿಗೂ ಒಂದೇ ಅಳತೆಯಲ್ಲಿ ಬಾಗಿಲು ತೆರೆದ ಕಾಯ್ದೆ ಒಂದಿತ್ತು ಎಂದರೆ ತಮಗೆ ಅಚ್ಚರಿಯಾಗಬಹುದು. ಅಮೆರಿಕದ 1953ರ ನಿರಾಶ್ರಿತರ ಪರಿಹಾರ ಕಾಯ್ದೆ ಎರಡು ಲಕ್ಷಕ್ಕೂ ಹೆಚ್ಚು ವೀಸಾಗಳಿಗೆ ಅವಕಾಶ ಕೊಟ್ಟಿತು. ಅವುಗಳಲ್ಲಿ ಬಹುಪಾಲು ಯುರೋಪಿನವರಿಗೆ. ಆ ಪಟ್ಟಿಯ ಒಂದು ಮೂಲೆಯಲ್ಲಿ ವಿಶ್ವಸಂಸ್ಥೆಯ ನೆರವಿಗೆ ಅರ್ಹರಾದ ಪ್ಯಾಲೆಸ್ಟೀನಿಯರಿಗೆ ಎರಡು ಸಾವಿರ ವೀಸಾ, ಪಕ್ಕದಲ್ಲಿಯೇ ತೈಪೆಯ ಚೀನೀ ಸರ್ಕಾರ (ಚೀನಾದ ಅಂತರ್ಯುದ್ಧದಲ್ಲಿ ಸೋತು 1949ರಲ್ಲಿ ತೈವಾನಿಗೆ ಬಂದು ನೆಲೆಸಿದ ಸರ್ಕಾರ) ಪಾಸ್‌ಪೋರ್ಟಿಗೆ ಒಪ್ಪಿಗೆಯ ಮುದ್ರೆ ಒತ್ತಿದ ಚೀನೀ ಮೂಲದವರಿಗೆ ಎರಡು ಸಾವಿರ ವೀಸಾ. ಸಂಖ್ಯೆ ಒಂದೇ. ಆದರೆ ಷರತ್ತನ್ನು ನೋಡಿ: ಒಬ್ಬನ ಕಾಗದಕ್ಕೆ ಸರ್ಕಾರವೊಂದರ ಮುದ್ರೆ, ಇನ್ನೊಬ್ಬನ ಕೈಯಲ್ಲಿ ಪಡಿತರಕ್ಕೆ ಅರ್ಹನೆಂಬ ಗುರುತು.

1965ರ ವಲಸೆ ಕಾಯ್ದೆ ಬಂದಾಗ ಈ ವ್ಯತ್ಯಾಸ ಬೆಳೆಯಿತು. ಆ ಕಾಯ್ದೆ ಪೂರ್ವಾರ್ಧಗೋಳದ ಪ್ರತಿಯೊಂದು ದೇಶಕ್ಕೂ ವರ್ಷಕ್ಕೆ 20,000ದ ಮಿತಿ ಹಾಕಿ, ಒಳಬರಲು ಮುಖ್ಯವಾಗಿ ಎರಡು ದಾರಿಗಳನ್ನು ಇಟ್ಟಿತು: ಬೇಡಿಕೆಯಿರುವ ವೃತ್ತಿ, ಇಲ್ಲವೇ ಅಮೆರಿಕದಲ್ಲಿರುವ ಹತ್ತಿರದ ಬಂಧು. ತೈವಾನಿಗರು ಮೊದಲ ದಾರಿಯಲ್ಲಿ ಬಂದರು. 1960, 70ರ ದಶಕದ ತೈಪೆಯ ವಿದ್ಯಾರ್ಥಿಗಳ ಬಾಯಲ್ಲಿ ಒಂದು ಮಾತಿತ್ತು: ಬಾ ಬಾ ಬಾ, ತೈವಾನ್ ವಿಶ್ವವಿದ್ಯಾಲಯಕ್ಕೆ ಬಾ, ಹೋಗು ಹೋಗು ಹೋಗು, ಅಮೆರಿಕಕ್ಕೆ ಹೋಗು. ಕಠಿಣವಾದ ಪ್ರವೇಶ ಪರೀಕ್ಷೆ ದಾಟಿ ಎಂಜಿನಿಯರಿಂಗ್ ಅಥವಾ ಭೌತವಿಜ್ಞಾನ ಓದಿ, ಹುಡುಗರಾದರೆ ಕಡ್ಡಾಯ ಸೇನಾಸೇವೆ ಮುಗಿಸಿ, ಅಮೆರಿಕದ ವಿಶ್ವವಿದ್ಯಾಲಯವೊಂದರ ಸಹಾಯಧನ ಹಿಡಿದು ವಿಮಾನ ಹತ್ತುತ್ತಿದ್ದರು. ಸ್ನಾತಕೋತ್ತರ ಪದವಿ, ಕೆಲಸ, ಗ್ರೀನ್ ಕಾರ್ಡ್, ಆಮೇಲೆ ತಮ್ಮ, ತಂಗಿಯರ ಅರ್ಜಿ. ಎಂದರೆ ಅಮೆರಿಕ ನೋಡಿದ ‘ಸರಾಸರಿ ತೈವಾನಿಗ’ ಎರಡು ಮೂರು ಜರಡಿಗಳಲ್ಲಿ ಸೋಸಿ ಬಂದವನು. ಅದೇ ಕಾಲದ ಗದ್ದೆಯ ರೈತನಾಗಲಿ, ಕಾವ್‌ಸ್ಯುಂಗ್ ಬಂದರಿನ ಕಾರ್ಮಿಕನಾಗಲಿ ಈ ಸರಾಸರಿಯಲ್ಲಿ ಬಹುಮಟ್ಟಿಗೆ ಇಲ್ಲವೇ ಇಲ್ಲ. ತಮ್ಮ ಮಗಳ ಕಚೇರಿಯಲ್ಲಿರುವ ಕನ್ನಡಿಗರನ್ನು ಕಂಡು ಕರ್ನಾಟಕದ ಹಳ್ಳಿಗಳ ಆದಾಯವನ್ನು ಯಾರಾದರೂ ಊಹಿಸಿದರೆ ಹೇಗೋ ಹಾಗೆ.

1979ರ ಜನವರಿ 1ರಂದು ಅಮೆರಿಕ ಬೀಜಿಂಗ್ ಸರ್ಕಾರಕ್ಕೆ ಮಾನ್ಯತೆ ಕೊಟ್ಟು ತೈಪೆಯ ಮಾನ್ಯತೆಯನ್ನು ಕೈಬಿಟ್ಟಾಗ ಈ ಬಾಗಿಲು ಮುಚ್ಚಬಹುದಿತ್ತು. ಮುಚ್ಚಲಿಲ್ಲ. ಆ ವರ್ಷವೇ ತೈವಾನ್ ಸಂಬಂಧಗಳ ಕಾಯ್ದೆ ಬಂತು. 1981ರ ಕೊನೆಯಲ್ಲಿ ಅಮೆರಿಕದ ಸಂಸತ್ತು ತೈವಾನಿಗೆ ಚೀನಾದಿಂದ ಬೇರೆಯಾದ 20,000ದ ಮಿತಿಯನ್ನು ಕೊಟ್ಟಿತು. ಮಾನ್ಯತೆಯಿಲ್ಲದ ದೇಶವೊಂದಕ್ಕೆ ವಲಸೆಯ ಲೆಕ್ಕದಲ್ಲಿ ಪೂರ್ಣ ದೇಶದ ಸ್ಥಾನ! ಆ ದಶಕದಲ್ಲಿಯೇ ಲಾಸ್ ಏಂಜಲೀಸ್ ಪಕ್ಕದ ಮಾಂಟೆರೇ ಪಾರ್ಕ್ ‘ಪುಟ್ಟ ತೈಪೆ’ ಎನಿಸಿಕೊಂಡಿತು. ತೈವಾನಿನಲ್ಲಿ ಬೆಳೆದ ಲಿಲಿ ಲೀ ಚೆನ್ 1983ರಲ್ಲಿ ಅಲ್ಲಿನ ಮೇಯರ್ ಆದರು. ಈ ಹಂತದಲ್ಲಿ ಬಂದವರಲ್ಲಿ ಹಣವಂತರೂ ಇದ್ದರು. ಹೆಂಡತಿ ಮಕ್ಕಳನ್ನು ಕ್ಯಾಲಿಫೋರ್ನಿಯಾದಲ್ಲಿ ಬಿಟ್ಟು ತಾನು ತೈಪೆಯಲ್ಲಿ ವ್ಯಾಪಾರ ನಡೆಸುತ್ತ ಸದಾ ವಿಮಾನದಲ್ಲಿರುವ ಗಂಡನಿಗೆ ‘ತೈಕಾಂಗ್ ರೆನ್’ ಎಂಬ ಅಡ್ಡಹೆಸರಿತ್ತು. ಗಗನಯಾತ್ರಿ ಎಂಬುದು ಅದರ ನೇರ ಅರ್ಥ. ಹೆಂಡತಿಯಿಲ್ಲದ ಮನೆಯವನು ಎಂಬುದು ಶ್ಲೇಷೆ. ತಂದೆಯ ಗಳಿಕೆ ತೈವಾನಿನಲ್ಲಿ ಆಗುವುದರಿಂದ ಇಂಥ ಕೆಲವು ಮನೆಗಳು ಅಮೆರಿಕದ ಲೆಕ್ಕದಲ್ಲಿ ಕಡಿಮೆ ಆದಾಯದವಾಗಿ ಕಾಣಬಲ್ಲವು!

ತೈವಾನಿಗರ ಹಾದಿ ಹೂವಿನ ಹಾಸಿಗೆಯಾಗಿತ್ತು ಎಂದು ಇದರಿಂದ ತಿಳಿಯಬೇಡಿ. 1949ರಿಂದ 1987ರವರೆಗೆ ಅಲ್ಲಿ ಸೇನಾಡಳಿತ ಕಾನೂನು ಜಾರಿಯಲ್ಲಿತ್ತು. ವಿದೇಶದಲ್ಲಿ ಸರ್ಕಾರವನ್ನು ಟೀಕಿಸಿದವರ ಹೆಸರು ಕಪ್ಪುಪಟ್ಟಿ ಸೇರಿ ಊರಿಗೆ ಮರಳುವುದು ನಿಷಿದ್ಧವಾಗುತ್ತಿತ್ತು. ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿದ್ದ ಚೆನ್ ವೆನ್‌ಚೆಂಗ್ 1981ರಲ್ಲಿ ಊರಿಗೆ ಬಂದಾಗ ವಿಚಾರಣೆಗೆ ಒಳಗಾಗಿ, ಮರುದಿನ ತೈವಾನ್ ವಿಶ್ವವಿದ್ಯಾಲಯದ ಆವರಣದಲ್ಲಿ ಹೆಣವಾಗಿ ಸಿಕ್ಕರು. ಆದರೆ ಆ ಕಪ್ಪುಪಟ್ಟಿ 1990ರ ದಶಕದ ಆರಂಭದಲ್ಲಿ ರದ್ದಾಯಿತು.

ಪ್ಯಾಲೆಸ್ಟೀನಿಯರ ವಲಸೆ ತೈವಾನಿಗರದಕ್ಕಿಂತ ಬಹಳ ಹಳೆಯದು, ಮತ್ತು ಅದರಲ್ಲಿ ಪದರಗಳು ಹೆಚ್ಚು. ಆಟೊಮನ್ ಆಳ್ವಿಕೆಯ ಕೊನೆಯ ದಶಕಗಳಲ್ಲಿ ಬೆತ್ಲೆಹೇಮ್, ಬೈತ್ ಜಾಲಾ, ರಾಮಲ್ಲಾ ಊರುಗಳ ಕ್ರೈಸ್ತರು ಆಲಿವ್ ಮರದ ಕೆತ್ತನೆ, ಮುತ್ತಿನ ಚಿಪ್ಪಿನ ಶಿಲುಬೆ ಮತ್ತು ಜಪಮಾಲೆಗಳನ್ನು ಹೊತ್ತು ಅಮೆರಿಕ ಖಂಡಕ್ಕೆ ಹೋದರು. ಪವಿತ್ರ ಭೂಮಿಯಿಂದ ಬಂದ ಸರಕು ಎಂಬುದೇ ಅವರ ಬಂಡವಾಳ. ಮಾರುತ್ತ ಮಾರುತ್ತ ಬಟ್ಟೆಗೆ ಇಳಿದರು, ಬಟ್ಟೆಯಿಂದ ದಿನಸಿಗೆ ಬಂದರು. ಇಸ್ರೇಲ್ ಹುಟ್ಟಿದ 1948ರ ಯುದ್ಧದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡರು, 1967ರಲ್ಲಿ ಮತ್ತೆ ಸುಮಾರು ಮೂರು ಲಕ್ಷ. ಇವರಲ್ಲಿ ಅಮೆರಿಕ ಮುಟ್ಟಿದವರು ಅಲ್ಪಭಾಗ; ಹಾಗೆ ಮುಟ್ಟಿದವರಲ್ಲಿ ಹೆಚ್ಚಿನವರು 1965ರ ಕಾಯ್ದೆಯ ಎರಡನೆಯ ದಾರಿಯಿಂದ, ಎಂದರೆ ಬಂಧುವಿನ ಕೈ ಹಿಡಿದು ಬಂದರು. ಆದ್ದರಿಂದಲೇ ಊರಿಗೊಂದು ನಗರ: ರಾಮಲ್ಲಾದವರು ಡೆಟ್ರಾಯಿಟ್, ಜಾಕ್ಸನ್‌ವಿಲ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಬೈತ್ ಹನೀನಾದವರು ಕ್ಲೀವ್‌ಲ್ಯಾಂಡ್‌ನಲ್ಲಿ, ಬೈತೂನಿಯಾದವರು ಶಿಕಾಗೋದಲ್ಲಿ. ರಾಮಲ್ಲಾದವರ ಒಕ್ಕೂಟವಂತೂ 1959ರಲ್ಲಿಯೇ ಡೆಟ್ರಾಯಿಟ್‌ನಲ್ಲಿ ಹುಟ್ಟಿತು.

ತಾವು ಕಂಡ ಮೂಲೆಯಂಗಡಿಯ ಒಳಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಹೊರಗಿನಿಂದ ಅದು ಕಾಣುವುದಿಲ್ಲ. ಶಿಕಾಗೋದ ದಕ್ಷಿಣ ಭಾಗದಂಥ ಕಪ್ಪುಜನರ ಬಡಾವಣೆಗಳಿಂದ 1950, 60ರ ದಶಕಗಳಲ್ಲಿ ಹಳೆಯ ಬಿಳಿಯ ವ್ಯಾಪಾರಿಗಳು ಹೊರಟುಹೋದರು. ದೊಡ್ಡ ಸೂಪರ್ ಮಾರ್ಕೆಟ್ಟುಗಳಿಗೆ ಅಲ್ಲಿಗೆ ಬರುವ ಮನಸ್ಸಿರಲಿಲ್ಲ. ಆ ತೆರವಿನಲ್ಲಿ ಪ್ಯಾಲೆಸ್ಟೀನಿಯರ ಅಂಗಡಿಗಳು ಬೇರೂರಿದವು. ಹೊಸದಾಗಿ ಬಂದ ಹುಡುಗ ಚಿಕ್ಕಪ್ಪನ ಮಗನ ಮನೆಯಲ್ಲಿ ಮಲಗುತ್ತಾನೆ, ಬೆಳಗಿನಿಂದ ನಡುರಾತ್ರಿಯವರೆಗೆ ಅವನ ಅಂಗಡಿಯಲ್ಲಿ ನಿಲ್ಲುತ್ತಾನೆ, ಸಂಬಳದ ಬಹುಭಾಗವನ್ನು ಅವನ ಬಳಿಯೇ ಬಿಡುತ್ತಾನೆ. ಕೆಲವು ವರ್ಷಗಳಲ್ಲಿ ಆ ಹಣ ಅಂಗಡಿಯ ಪಾಲಾಗುತ್ತದೆ. ಸಗಟು ವ್ಯಾಪಾರಿಯೂ ಊರಿನವನೇ ಆದ್ದರಿಂದ ಮಾಲು ಉದ್ರಿಗೆ ಸಿಗುತ್ತದೆ. ಅಣ್ಣ ಇನ್ನೊಂದು ಅಂಗಡಿ ತೆರೆದು ಇದನ್ನು ತಮ್ಮನಿಗೆ ಬಿಟ್ಟುಕೊಡುತ್ತಾನೆ. ತಮ್ಮ ಮತ್ತೊಬ್ಬನನ್ನು ಕರೆಸುತ್ತಾನೆ. ಇಡೀ ವ್ಯವಹಾರದಲ್ಲಿ ಬ್ಯಾಂಕಿಗೆ ಕೆಲಸವೇ ಇಲ್ಲ. ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಮಾಣಿಯಾಗಿ ಸೇರಿ ಯಜಮಾನರಾದವರ ಕಥೆ ಕೇಳಿದವರಿಗೆ ಇದು ಹೊಸತಲ್ಲ.

ಈ ವ್ಯವಸ್ಥೆ ಕುಟುಂಬವನ್ನು ಬೇಗ ನೆಲೆಗೊಳಿಸುತ್ತದೆ, ಆದರೆ ಒಂದು ಮಟ್ಟದಾಚೆಗೆ ಏರಿಸುವುದಿಲ್ಲ. ಗುಂಡು ತಾಗದ ಗಾಜಿನ ಹಿಂದೆ ನಿಂತು ದಿನಕ್ಕೆ ಹದಿನಾಲ್ಕು ಗಂಟೆ ದುಡಿಯುವವನಿಗೆ ದರೋಡೆಯ ಭಯ ಒಂದು ಕಡೆ, ‘ನಮ್ಮ ಕೇರಿಯ ದುಡ್ಡನ್ನು ಹೊರಗೆ ಒಯ್ಯುತ್ತೀರಿ’ ಎಂಬ ಗಿರಾಕಿಗಳ ಸಿಟ್ಟು ಇನ್ನೊಂದು ಕಡೆ. ಹೆಂಡತಿ, ಮಕ್ಕಳು ಗಲ್ಲಾದಲ್ಲಿ ಕುಳಿತ ಗಂಟೆಗಳು ಯಾವ ಲೆಕ್ಕದಲ್ಲೂ ಬರುವುದಿಲ್ಲ. ತೈವಾನಿಗರ ಎಂಜಿನಿಯರ್ ಮನೆಯಲ್ಲಿ ಬಹುತೇಕ ಇಬ್ಬರ ಸಂಬಳ, ಒಬ್ಬಿಬ್ಬರು ಮಕ್ಕಳು. ಅಂಗಡಿಯವನ ಮನೆಯಲ್ಲಿ ಒಬ್ಬನ ಹೆಸರಿನ ಗಳಿಕೆ, ಉಣ್ಣುವ ಬಾಯಿ ಐದೋ ಆರೋ. ಕುಟುಂಬದ ಆದಾಯವನ್ನು ಹೋಲಿಸಿದಾಗ ಒಂದು ಅಂತರ ಕಂಡರೆ ತಲಾ ಆದಾಯವನ್ನು ಹೋಲಿಸಿದಾಗ ಅದು ಇನ್ನಷ್ಟು ಹಿಗ್ಗುವುದು ಇದರಿಂದಲೇ.

ಇನ್ನು ಮರಳುವ ದಾರಿ. ಇಲ್ಲಿ ಇಬ್ಬರು ವ್ಯಕ್ತಿಗಳನ್ನು ಅಕ್ಕಪಕ್ಕ ನಿಲ್ಲಿಸುತ್ತೇನೆ. ಮೋರಿಸ್ ಚಾಂಗ್ ಚೀನಾದ ನಿಂಗ್ಬೋದಲ್ಲಿ ಹುಟ್ಟಿ, ಅಮೆರಿಕದಲ್ಲಿ ಓದಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯಲ್ಲಿ ಇಪ್ಪತ್ತೈದು ವರ್ಷ ದುಡಿದವರು. ತೈವಾನ್ ಸರ್ಕಾರ 1985ರಲ್ಲಿ ಅವರನ್ನು ಕರೆಸಿಕೊಂಡು ತನ್ನ ಕೈಗಾರಿಕಾ ಸಂಶೋಧನಾ ಸಂಸ್ಥೆಯನ್ನು ಒಪ್ಪಿಸಿತು. 1987ರಲ್ಲಿ ಅವರು, ಬೇರೆ ಕಂಪನಿಗಳಿಗೆ ಚಿಪ್ ತಯಾರಿಸಿಕೊಡುವ ಟಿಎಸ್‌ಎಂಸಿ ಕಂಪನಿಯನ್ನು ಸ್ಥಾಪಿಸಿದರು. ಅವರು ತೈವಾನಿನಲ್ಲಿ ಅದಕ್ಕೆ ಮೊದಲು ನೆಲೆಸಿದವರೇ ಅಲ್ಲ ಎಂಬುದು ಈ ಕಥೆಯ ಸ್ವಾರಸ್ಯ: ಕರೆಯಲು ಒಂದು ಸರ್ಕಾರವಿತ್ತು, ಕೊಡಲು ಜಾಗವಿತ್ತು, 1980ರಲ್ಲಿ ತೆರೆದ ಸಿಂಚು ವಿಜ್ಞಾನ ಪಾರ್ಕ್ ಇತ್ತು. ಅಮೆರಿಕದಲ್ಲಿದ್ದ ಎಂಜಿನಿಯರುಗಳು ಅಲ್ಲಿಗೆ ಹೋಗಿ ಕಂಪನಿ ತೆರೆದರು. ಅಲ್ಲಿನ ಕಾರ್ಖಾನೆಗಳು ಕ್ಯಾಲಿಫೋರ್ನಿಯಾದ ತೈವಾನಿಗರ ಕಂಪನಿಗಳಿಗೆ ಬೇಕಾದ ಚಿಪ್ಪುಗಳನ್ನು ತಯಾರಿಸಿಕೊಟ್ಟವು. ತೈವಾನಿನಲ್ಲಿ ಹುಟ್ಟಿದ ಜೆನ್ಸನ್ ಹುವಾಂಗ್ 1993ರಲ್ಲಿ ಸಹಸ್ಥಾಪಿಸಿದ ಚಿಪ್ ವಿನ್ಯಾಸ ಕಂಪನಿ ಎನ್ವಿಡಿಯಾ ತನ್ನದೇ ಕಾರ್ಖಾನೆ ಇಲ್ಲದೆ ಬೆಳೆದದ್ದು ಈ ಎರಡು ದಡಗಳ ನಡುವಿನ ಓಡಾಟದಿಂದ. ತಮ್ಮ ಮಗಳ ಕಚೇರಿಯಲ್ಲಿ ತೈವಾನಿಗರ ಹಿರಿತನಕ್ಕೆ ಪ್ರತಿಭೆಯ ಜೊತೆಗೆ ಈ ಸೇತುವೆಯೂ ಕಾರಣ.

ಎರಡನೆಯವರು ಅಬ್ದುಲ್ ಹಮೀದ್ ಶೂಮಾನ್. ಜೆರುಸಲೇಮಿನ ಪಕ್ಕದ ಬೈತ್ ಹನೀನಾದವರು. 1911ರಲ್ಲಿ ಅಮೆರಿಕಕ್ಕೆ ಹೋಗಿ ಬಟ್ಟೆ ಹೊತ್ತು ಮಾರಿ, ನ್ಯೂಯಾರ್ಕಿನಲ್ಲಿ ಉಡುಪಿನ ವ್ಯಾಪಾರ ಕಟ್ಟಿ, ಗಳಿಸಿದ್ದನ್ನು ತೆಗೆದುಕೊಂಡು 1929ರಲ್ಲಿ ಊರಿಗೆ ಮರಳಿದರು. ಮರುವರ್ಷ ಜೆರುಸಲೇಮಿನಲ್ಲಿ ಅರಬ್ ಬ್ಯಾಂಕ್ ತೆರೆದರು. ಹೋಗಿ, ಗಳಿಸಿ, ಮರಳಿ, ಊರಲ್ಲಿ ಸಂಸ್ಥೆ ಕಟ್ಟುವುದು ಪ್ಯಾಲೆಸ್ಟೀನಿಯರಿಗೆ ತೈವಾನಿಗರಿಗಿಂತ ಅರ್ಧ ಶತಮಾನ ಮೊದಲೇ ಗೊತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. 1948ರಲ್ಲಿ ಬ್ಯಾಂಕಿನ ಕೇಂದ್ರ ಕಚೇರಿ ಅಮ್ಮಾನಿಗೆ ಹೋಯಿತು; ನೆಲೆ ತಪ್ಪಿ ಬಂದ ಠೇವಣಿದಾರರಿಗೆ ಅವರ ಹಣವನ್ನು ಹಿಂತಿರುಗಿಸಿದ್ದು ಆ ಬ್ಯಾಂಕಿನ ಹೆಸರನ್ನು ಉಳಿಸಿತು. ಬ್ಯಾಂಕು ಇಂದಿಗೂ ಇದೆ. ಇಲ್ಲವಾದದ್ದು ಮರಳುವ ದಾರಿ.

ಅದು ಹೇಗೆ ಇಲ್ಲವಾಯಿತು ಎಂಬುದಕ್ಕೆ ಒಂದು ಸಣ್ಣ ಕಾಗದವೇ ಸಾಕು. 1967ರ ಯುದ್ಧದಲ್ಲಿ ಇಸ್ರೇಲಿನ ವಶವಾದ ಪಶ್ಚಿಮ ದಂಡೆಯಿಂದ (ರಾಮಲ್ಲಾ, ಬೆತ್ಲೆಹೇಮ್, ನಾಬ್ಲುಸ್ ಇರುವ ಪ್ರದೇಶ) ಆ ಬಳಿಕ ಜೋರ್ಡಾನ್ ಮಾರ್ಗವಾಗಿ ವಿದೇಶಕ್ಕೆ ಹೋಗುವವರು ಅಲೆನ್‌ಬಿ ಸೇತುವೆಯಲ್ಲಿ ತಮ್ಮ ಗುರುತಿನ ಚೀಟಿಯನ್ನು ಇಸ್ರೇಲಿ ಅಧಿಕಾರಿಗಳಿಗೆ ಒಪ್ಪಿಸಿ, ಮೂರು ವರ್ಷದ ಅವಧಿಯ ಕಾರ್ಡೊಂದನ್ನು ಪಡೆಯಬೇಕಿತ್ತು. ಅವಧಿಯನ್ನು ವಿಸ್ತರಿಸಿಕೊಳ್ಳುವ ಅವಕಾಶವಿದ್ದರೂ, ಅದು ತಪ್ಪಿ ನಿಗದಿತ ಸಮಯದೊಳಗೆ ಮರಳದವರು ‘ನಿವಾಸಿಯಲ್ಲ’ ಎನಿಸಿಕೊಂಡರು. 1994ರವರೆಗೆ ಹೀಗೆ ನಿವಾಸದ ಹಕ್ಕು ಕಳೆದುಕೊಂಡವರು ಸುಮಾರು 1,40,000 ಎಂದು ಇಸ್ರೇಲಿನ ಅಧಿಕೃತ ದಾಖಲೆಗಳಿಂದಲೇ 2011ರಲ್ಲಿ ಹೊರಬಂತು. ಪಿಎಚ್‌.ಡಿ. ಮುಗಿಸಲು ಐದಾರು ವರ್ಷ ಬೇಕು ಎಂಬುದನ್ನು ನೆನೆಯಿರಿ. ತೈಪೆಯ ವಿದ್ಯಾರ್ಥಿ ಹದಿನೈದು ವರ್ಷ ಬಿಟ್ಟು ಮರಳಿದರೆ ಕಂಪನಿ ತೆರೆಯಲು ಸಾಲ. ಅವಧಿ ಮೀರಿದ ನಾಬ್ಲುಸ್‌ನ ವಿದ್ಯಾರ್ಥಿ ಮರಳಿದರೆ ಸೇತುವೆಯ ಬಳಿ ತಡೆ.

ಮೂರನೆಯ ದೇಶವೂ ಇವರಿಗೆ ಭದ್ರವಾಗಿರಲಿಲ್ಲ, ಮತ್ತು ಇದನ್ನು ನಮ್ಮ ಕರಾವಳಿಯವರು ಕಣ್ಣಾರೆ ಕಂಡಿದ್ದಾರೆ. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿದಾಗ ಅಲ್ಲಿ ಸುಮಾರು ನಾಲ್ಕು ಲಕ್ಷ ಪ್ಯಾಲೆಸ್ಟೀನಿಯರಿದ್ದರು. ಎಷ್ಟೋ ಮಂದಿ ಅಲ್ಲಿಯೇ ಹುಟ್ಟಿದವರು. ಅದೇ ಊರಲ್ಲಿ ಮಂಗಳೂರು, ಉಡುಪಿ, ಭಟ್ಕಳ ಕಡೆಯವರೂ ಇದ್ದರು. ಭಾರತೀಯರು ಮರುಭೂಮಿ ದಾಟಿ ಅಮ್ಮಾನಿಗೆ ಬಂದರು; ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಏರ್ ಇಂಡಿಯಾ ವಿಮಾನಗಳು ಅಲ್ಲಿಂದ ಮುಂಬಯಿಗೆ ತಂದವು. ಉಳಿತಾಯ ಹೋಗಿತ್ತು, ಪಾಸ್‌ಪೋರ್ಟ್ ಇತ್ತು. ಯುದ್ಧ ಮುಗಿದ ಮೇಲೆ ಹಲವರು ಕುವೈತಿಗೆ ಮರಳಿ ಹೋದರು ಕೂಡ. ಪ್ಯಾಲೆಸ್ಟೀನಿ ನಾಯಕತ್ವ ಇರಾಕಿನ ಪರ ವಾಲಿತೆಂಬ ಸಿಟ್ಟಿನಲ್ಲಿ ಕುವೈತ್ ಅವರ ಸಮುದಾಯವನ್ನೇ ಬಹುಮಟ್ಟಿಗೆ ಖಾಲಿ ಮಾಡಿಸಿತು. ಹೆಚ್ಚಿನವರು ಜೋರ್ಡಾನಿಗೆ ಹೋದರು, ಕೆಲವರು ಬಂಧುಗಳಿದ್ದ ಅಮೆರಿಕಕ್ಕೆ. ಕುವೈತಿನಲ್ಲಿ ಎಂಜಿನಿಯರ್ ಆಗಿದ್ದವರು ಐವತ್ತರ ವಯಸ್ಸಿನಲ್ಲಿ ಶಿಕಾಗೋದ ಅಂಗಡಿಯ ಗಲ್ಲಾದಲ್ಲಿ ಕೂರಬೇಕಾದದ್ದೂ ಇದೆ. ಗಣತಿಯ ಕಾಲಮ್ಮಿನಲ್ಲಿ ಅಂಥವರು ‘ಪದವೀಧರ, ಕಡಿಮೆ ಆದಾಯ’ ಎಂಬ ಒಂದು ಸಾಲು.

ಸಂಸ್ಕೃತಿಯೇ ಕಾರಣ ಎನ್ನುವವರಿಗೆ ನಾನು ಕೊಡುವ ಉತ್ತರ ಚಿಲಿ. ಅರಬ್ ಜಗತ್ತಿನ ಹೊರಗೆ ಪ್ಯಾಲೆಸ್ಟೀನಿ ಮೂಲದವರು ಅತಿ ಹೆಚ್ಚು ಇರುವುದು ಅಲ್ಲಿ. ಅಂದಾಜುಗಳು ಐದು ಲಕ್ಷದವರೆಗೆ ಹೋಗುತ್ತವೆ. ಅದೇ ಬೆತ್ಲೆಹೇಮ್, ಬೈತ್ ಜಾಲಾದವರು. ಆಟೊಮನ್ ಪಾಸ್‌ಪೋರ್ಟ್ ಹಿಡಿದು ಬಂದದ್ದರಿಂದ ‘ತುರ್ಕರು’ ಎಂದು ಹಂಗಿಸಿಕೊಂಡವರು. ಆಮದು ಬಟ್ಟೆ ಮಾರುತ್ತಿದ್ದ ಇವರು, 1930ರ ದಶಕದ ಆರ್ಥಿಕ ಕುಸಿತದ ನಂತರ ಸ್ವದೇಶಿ ಉತ್ಪಾದನೆಗೆ ಸರ್ಕಾರ ಒತ್ತು ಕೊಟ್ಟಾಗ ಗಿರಣಿಗಳನ್ನು ಕಟ್ಟಿದರು. ಬೆತ್ಲೆಹೇಮಿನ ಹ್ವಾನ್ ಯಾರೂರ್ 1937ರಲ್ಲಿ ಸ್ಯಾಂಟಿಯಾಗೋದಲ್ಲಿ ಹತ್ತಿ ಗಿರಣಿ ತೆರೆದರು, ಬ್ಯಾಂಕೊಂದನ್ನೂ ಕಟ್ಟಿದರು. ಇವತ್ತು ಆ ಸಮುದಾಯ ಚಿಲಿಯ ಅನುಕೂಲಸ್ಥರ ಸಾಲಿನಲ್ಲಿದೆ. 1920ರಲ್ಲಿ ಹುಟ್ಟಿದ ಪ್ಯಾಲೆಸ್ಟೀನೋ ಫುಟ್‌ಬಾಲ್ ಕ್ಲಬ್ ಈಗಲೂ ಆಡುತ್ತಿದೆ. ಎಲ್ ಸಾಲ್ವಡಾರ್‌ನ 2004ರ ಅಧ್ಯಕ್ಷೀಯ ಚುನಾವಣೆಯಲ್ಲಿ ಎದುರುಬದುರಾಗಿ ನಿಂತ ಇಬ್ಬರು ಪ್ರಮುಖ ಅಭ್ಯರ್ಥಿಗಳೂ, ಬಲಪಂಥದ ಸಾಕಾ ಮತ್ತು ಎಡಪಂಥದ ಹಂದಾಲ್, ಬೆತ್ಲೆಹೇಮ್ ಮೂಲದ ಕುಟುಂಬದವರು. ಅದೇ ಊರು, ಅದೇ ಮನೆತನಗಳು. ಬಂದ ಕಾಲ ಬೇರೆ, ಸಿಕ್ಕ ಮಾರುಕಟ್ಟೆ ಬೇರೆ.

ಅಮೆರಿಕದಲ್ಲಿಯೂ ಎರಡನೆಯ ತಲೆಮಾರು ಅಂಗಡಿಯನ್ನು ಬಿಡುತ್ತಿದೆ. ಶಿಕಾಗೋದ ಅಂಚಿನ ಬ್ರಿಡ್ಜ್‌ವ್ಯೂನಲ್ಲಾಗಲಿ, ನ್ಯೂಜೆರ್ಸಿಯ ಪ್ಯಾಟರ್ಸನ್‌ನಲ್ಲಾಗಲಿ ಅಂಗಡಿಯವರ ಮಕ್ಕಳು ಔಷಧಶಾಸ್ತ್ರ, ಕಾನೂನು, ಲೆಕ್ಕಪರಿಶೋಧನೆ ಓದುವುದು ಸಾಮಾನ್ಯ. 2019ರಿಂದ ಅಮೆರಿಕದ ಸಂಸತ್ತಿನಲ್ಲಿರುವ ಪ್ಯಾಲೆಸ್ಟೀನಿ ಮೂಲದ ರಶೀದಾ ತ್ಲೈಬ್ ಅವರ ತಂದೆ ಫೋರ್ಡ್ ಕಾರು ಕಾರ್ಖಾನೆಯ ಕಾರ್ಮಿಕರಾಗಿದ್ದರು. ಹದಿನಾಲ್ಕು ಮಕ್ಕಳಲ್ಲಿ ರಶೀದಾ ಅವರೇ ಹಿರಿಯರು.

ತಾವು ಮತ್ತೆ ಕ್ಯಾಲಿಫೋರ್ನಿಯಾಕ್ಕೆ ಹೋದಾಗ ಹಾಲು ತರುವ ನೆಪದಲ್ಲಿ ಆ ಅಂಗಡಿಯ ಯಜಮಾನರನ್ನು ಮಾತಿಗೆಳೆದು, ಮನೆಯವರು ಯಾವ ಇಸವಿಯಲ್ಲಿ ಬಂದರು ಎಂದು ಕೇಳಿ. ಅಜ್ಜ 1920ರ ಸುಮಾರಿಗೆ ಬಂದಿದ್ದರೆ, ತಂದೆ 1968ರಲ್ಲಿ ಬಂದಿದ್ದರೆ, ತಾವೇ 1991ರಲ್ಲಿ ಕುವೈತಿನಿಂದ ಬಂದಿದ್ದರೆ, ಒಂದೇ ಗಲ್ಲಾದ ಹಿಂದೆ ಮೂರು ಬೇರೆ ಬೇರೆ ಕಥೆಗಳಿರುತ್ತವೆ. ಉತ್ತರ ಸಿಕ್ಕರೆ ದಯವಿಟ್ಟು ನನಗೂ ಬರೆದು ತಿಳಿಸಿ.